ನದಿಗೂ ಒಂದು ಪಾಲು

ಶಾಲೆಯ ಭೂಗೋಳದಲ್ಲಿ ಆಸ್ಟ್ರೇಲಿಯ ಎಂದರೆ ಕುರಿ, ಉಣ್ಣೆ, ಗೋಧಿ. ಜೊತೆಗೆ ಮರ್ರೆ-ಡಾರ್ಲಿಂಗ್ ಎಂಬ ಜೋಡಿ ನದಿಗಳ ಹೆಸರು. ಅವುಗಳ ಕೊಳ್ಳ ಹತ್ತು ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕಿದ್ದು, ಆ ದೇಶದ ಏಳರಲ್ಲೊಂದು ಪಾಲು. ಅದು ನಾಲ್ಕು ರಾಜ್ಯಗಳಲ್ಲಿ ಹರಡಿದೆ. ನಾಲ್ಕು ರಾಜ್ಯಗಳೆಂದ ಮೇಲೆ ಜಗಳವಿರಲೇಬೇಕಷ್ಟೆ!

ಮರ್ರೆಯ ನೀರಿನ ಹಂಚಿಕೆಗೆ 1914ರಲ್ಲಿ ಒಪ್ಪಂದವಾಯಿತು. ಅಣೆಕಟ್ಟು ಕಟ್ಟುವುದು, ಪಾಲು ಹಂಚುವುದು ಅದರ ತಿರುಳು. ಹಂಚಿ ಹಂಚಿ ಕೊನೆಗೆ 1981ರಲ್ಲಿ ಮರ್ರೆ ಸಮುದ್ರ ಸೇರುವ ಬಾಯಿಯೇ ಮರಳಿನಿಂದ ಮುಚ್ಚಿಹೋಯಿತು. ಹತ್ತು ವರ್ಷಗಳ ನಂತರ ಡಾರ್ಲಿಂಗ್ ನದಿಯ ಸುಮಾರು 1000 ಕಿಲೋಮೀಟರ್ ಉದ್ದಕ್ಕೆ ವಿಷಪಾಚಿ ಹಬ್ಬಿತು. 1995ರಲ್ಲಿ ನೀರೆತ್ತುವುದಕ್ಕೆ ಮಿತಿ ಹಾಕಿದರು, ಸಾಲಲಿಲ್ಲ. ಆಮೇಲೆ ವರ್ಷಗಟ್ಟಲೆ ಬರಗಾಲ.

ಬರದ ನಡುವೆಯೇ 2007ರಲ್ಲಿ ಕೇಂದ್ರ ಸರ್ಕಾರ ಜಲ ಕಾಯಿದೆ ತಂದಿತು. ಸ್ವಾರಸ್ಯವಿರುವುದು ಇಲ್ಲಿ. ನೀರಿನ ಆಡಳಿತ ರಾಜ್ಯಗಳದ್ದು. ಆದರೆ ಜೌಗು ನೆಲಗಳನ್ನು ಕಾಪಾಡಬೇಕೆಂದು 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಕೇಂದ್ರ ಬದ್ಧವಾಗಿತ್ತು. ವಿದೇಶ ವ್ಯವಹಾರ ಕೇಂದ್ರದ ಅಧಿಕಾರವಷ್ಟೆ? ಬಹುಮಟ್ಟಿಗೆ ಆ ಬಾಗಿಲಿನಿಂದಲೇ ಅದು ನದಿಯೊಳಕ್ಕೆ ಇಳಿಯಿತು.

ಎಷ್ಟು ನೀರು ಉಳಿಸಬೇಕೆಂಬ ಕರಡು 2010ರಲ್ಲಿ ಹೊರಬಿದ್ದಾಗ ಗ್ರಿಫಿತ್ ಪಟ್ಟಣದಲ್ಲಿ ರೈತರು ಅದರ ಪ್ರತಿಗಳನ್ನು ಸುಟ್ಟರು. ಅವರ ಸಿಟ್ಟು ಸುಳ್ಳಲ್ಲ. ನೀರು ಹೋದರೆ ಬೆಳೆ ಹೋಗುತ್ತದೆ. ಅದರ ಬೆನ್ನಿಗೆ ಅಂಗಡಿ, ಶಾಲೆ, ಕೊನೆಗೆ ಮಕ್ಕಳು. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2012ರ ಯೋಜನೆ ವರ್ಷಕ್ಕೆ 2750 ಶತಕೋಟಿ ಲೀಟರ್, ನಮಗೆ ಪರಿಚಿತವಾದ ಲೆಕ್ಕದಲ್ಲಿ ಸುಮಾರು 97 ಟಿ.ಎಂ.ಸಿ., ನದಿಗೆ ಮರಳಿಸಬೇಕೆಂದು ಗೊತ್ತುಮಾಡಿತು. ಮುಂದೆ ಇದರಲ್ಲಿ ಸಡಿಲಿಕೆಗಳೂ ಆದವು. ಆದರೆ ಯಾರಿಂದಲೂ ನೀರನ್ನು ಕಸಿದುಕೊಳ್ಳಲಿಲ್ಲ. ಕಾಲುವೆ ದುರಸ್ತಿಗೆ ಹಣ ಕೊಟ್ಟು ಉಳಿತಾಯದ ನೀರನ್ನು ಪಡೆದರು, ಮಾರಲೊಪ್ಪಿದ ರೈತರಿಂದ ನೀರಿನ ಹಕ್ಕನ್ನೇ ಸರ್ಕಾರ ಕೊಂಡಿತು. ಅದೇ 2007ರ ಫೆಬ್ರುವರಿಯಲ್ಲಿ ನಮ್ಮ ಕಾವೇರಿ ನ್ಯಾಯಮಂಡಳಿ 740 ಟಿ.ಎಂ.ಸಿ. ನೀರನ್ನು ಹಂಚಿದಾಗ ಪರಿಸರಕ್ಕೆಂದು ಎತ್ತಿಟ್ಟದ್ದು 10.

ಕಾಯಿದೆಯಾದ ಮಾತ್ರಕ್ಕೆ ನದಿ ಚೇತರಿಸಲಿಲ್ಲ. 2018-19ರ ಬೇಸಗೆಯಲ್ಲಿ ಮೆನಿಂಡಿಯ ಬಳಿ ಡಾರ್ಲಿಂಗ್ ನದಿಯಲ್ಲಿ ಲಕ್ಷಗಟ್ಟಲೆ ಮೀನುಗಳು ಸತ್ತು ತೇಲಿದವು. 2023ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು: ನದಿಗೆ ಹೆಚ್ಚುವರಿಯಾಗಿ ಸಲ್ಲಬೇಕಿದ್ದ 450 ಶತಕೋಟಿ ಲೀಟರಿನ ಗಡುವು 2027ರ ಕೊನೆಗೆ ಹೋಯಿತು, ರೈತರಿಂದ ಕೊಳ್ಳುವ ನೀರಿಗಿದ್ದ ಮಿತಿಯನ್ನು ತೆಗೆದರು. ಆ ಒಪ್ಪಂದಕ್ಕೆ ಉಳಿದ ರಾಜ್ಯಗಳು ಒಪ್ಪಿದರೂ ವಿಕ್ಟೋರಿಯ ಮಾತ್ರ ಸಹಿ ಹಾಕಲಿಲ್ಲ.