ಲುಟ್ರಿಸ್

ಲುಟ್ರಿಸ್ ಎಂಬುದು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಗಣಕ ಆಟಗಳನ್ನು ಸ್ಥಾಪಿಸಲು, ಒಂದೆಡೆ ಜೋಡಿಸಿಡಲು ಮತ್ತು ಆರಂಭಿಸಲು ಬಳಸುವ ಮುಕ್ತ ತಂತ್ರಾಂಶವಾಗಿದೆ. ಪೈಥಾನ್ ಭಾಷೆಯಲ್ಲಿ ಬರೆಯಲಾದ ಇದನ್ನು ಗ್ನೂ ಸಾರ್ವಜನಿಕ ಪರವಾನಗಿಯ 3ನೆಯ ಆವೃತ್ತಿಯಡಿ ವಿತರಿಸಲಾಗುತ್ತದೆ. ಲುಟ್ರಿಸ್ ಆಟಗಳನ್ನು ಮಾರುವುದಿಲ್ಲ. ಬಳಕೆದಾರರು ಈಗಾಗಲೇ ಪಡೆದಿರುವ ಆಟಗಳನ್ನು, ವಿಂಡೋಸ್‌ಗಾಗಿ ಮಾತ್ರ ತಯಾರಾದ ಸ್ವಾಮ್ಯದ ಆಟಗಳನ್ನೂ ಸೇರಿಸಿ, ಲಿನಕ್ಸ್‌ನಲ್ಲಿ ನಡೆಸಲು ಇದು ನೆರವಾಗುತ್ತದೆ.

ಇತಿಹಾಸ

ಮ್ಯಾಥ್ಯೂ ಕೊಮಾಂಡಾನ್ ಅವರು 2009ರಲ್ಲಿ 'ಆಬ್ಲಿವಿಯನ್ ಲಾಂಚರ್' ಎಂಬ ಹೆಸರಿನಲ್ಲಿ ಈ ತಂತ್ರಾಂಶದ ಅಭಿವೃದ್ಧಿಯನ್ನು ಆರಂಭಿಸಿದರು. ನಂತರ ಇದಕ್ಕೆ ಲುಟ್ರಿಸ್ ಎಂಬ ಹೆಸರು ಬಂದಿತು. ನೀರುನಾಯಿ ಇದರ ಲಾಂಛನವಾಗಿದೆ.

ಕಾರ್ಯವಿಧಾನ

ವಿಂಡೋಸ್‌ಗಾಗಿ ರಚಿಸಿದ ಆಟವು ಆ ವ್ಯವಸ್ಥೆಯ ಸೌಲಭ್ಯಗಳನ್ನು ನೇರವಾಗಿ ಅವಲಂಬಿಸಿರುತ್ತದೆ. ಆದ್ದರಿಂದ ಅದು ಲಿನಕ್ಸ್‌ನಲ್ಲಿ ತಾನಾಗಿಯೇ ನಡೆಯುವುದಿಲ್ಲ. 1993ರಲ್ಲಿ ಆರಂಭವಾದ ವೈನ್ ಯೋಜನೆಯು ಆಟದ ಕೋರಿಕೆಗಳನ್ನು ಲಿನಕ್ಸ್‌ಗೆ ಅರ್ಥವಾಗುವ ಕೋರಿಕೆಗಳಾಗಿ ಪರಿವರ್ತಿಸುತ್ತದೆ. ಮೈಕ್ರೋಸಾಫ್ಟ್‌ನ ಡೈರೆಕ್ಟ್3ಡಿ ಚಿತ್ರಣ ಆದೇಶಗಳನ್ನು ಡಿಎಕ್ಸ್‌ವಿಕೆ ಎಂಬ ತಂತ್ರಾಂಶವು ವಲ್ಕನ್ ಆದೇಶಗಳಾಗಿ ಬದಲಿಸುತ್ತದೆ. ವಾಲ್ವ್ ಸಂಸ್ಥೆ 2018ರಲ್ಲಿ ಬಿಡುಗಡೆ ಮಾಡಿದ ಪ್ರೋಟಾನ್ ಕೂಡ ಇವೆರಡನ್ನೂ ಆಧರಿಸಿದೆ.

ಲುಟ್ರಿಸ್ ಇಂತಹ ತಂತ್ರಾಂಶಗಳನ್ನು 'ರನ್ನರ್' ಎಂದು ಕರೆಯುತ್ತದೆ. ಹಳೆಯ ಡಾಸ್ ಆಟಗಳಿಗೆ ಡಾಸ್‌ಬಾಕ್ಸ್ ಹಾಗೂ ಹಳೆಯ ಸಾಹಸ ಆಟಗಳಿಗೆ ಸ್ಕಮ್‌ವಿಎಂ ಇದೇ ಗುಂಪಿಗೆ ಸೇರುತ್ತವೆ. ಯಾವ ಆಟಕ್ಕೆ ಯಾವ ರನ್ನರ್ ಬೇಕು, ಯಾವ ಹೊಂದಾಣಿಕೆಗಳು ಅಗತ್ಯ ಎಂಬುದನ್ನು ಬಳಕೆದಾರರೇ ಅನುಸ್ಥಾಪನಾ ಲಿಪಿಗಳಾಗಿ ಬರೆದು ಹಂಚಿಕೊಳ್ಳುತ್ತಾರೆ. ಒಬ್ಬರು ಕಂಡುಕೊಂಡ ಪರಿಹಾರವು ಹೀಗೆ ಉಳಿದವರಿಗೂ ದೊರೆಯುತ್ತದೆ. ಸ್ಟೀಮ್, ಜಿಒಜಿ, ಎಪಿಕ್ ಮೊದಲಾದ ಮಳಿಗೆಗಳ ಖಾತೆಗಳನ್ನು ಜೋಡಿಸಿ, ಅಲ್ಲಿ ಕೊಂಡ ಆಟಗಳನ್ನು ಒಂದೇ ಪಟ್ಟಿಯಲ್ಲಿ ನೋಡಬಹುದು.

ಮಿತಿಗಳು

ಆಟವನ್ನು ಆರಂಭಿಸುವ ತಂತ್ರಾಂಶ ಮುಕ್ತವಾಗಿದ್ದರೂ ಆಟವು ಸ್ವಾಮ್ಯದ್ದಾಗಿಯೇ ಉಳಿಯುತ್ತದೆ. ಅದರ ಆಕರ ಸಂಕೇತ ಲಭ್ಯವಿಲ್ಲದ ಕಾರಣ ಸ್ವಯಂಸೇವಕರು ಅದನ್ನು ತಿದ್ದಲಾರರು. ಆನ್‌ಲೈನ್ ಆಟಗಳಲ್ಲಿ ಮೋಸವನ್ನು ತಡೆಯುವ ತಂತ್ರಾಂಶಗಳಿಂದ ಹೆಚ್ಚಿನ ತೊಡಕು ಉಂಟಾಗುತ್ತದೆ. ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ 2021ರಲ್ಲಿ ಪ್ರೋಟಾನ್‌ಗೆ ಬೆಂಬಲ ನೀಡಿದವು. ಆದರೆ ಪ್ರತಿ ಆಟದಲ್ಲಿಯೂ ಅದರ ತಯಾರಕರೇ ಆ ಬೆಂಬಲವನ್ನು ಸಕ್ರಿಯಗೊಳಿಸಬೇಕು. ಲುಟ್ರಿಸ್ ಮೂಲಕ ಆಡಲಾಗುತ್ತಿದ್ದ ಲೀಗ್ ಆಫ್ ಲೆಜೆಂಡ್ಸ್, 2024ರಲ್ಲಿ ವ್ಯಾನ್‌ಗಾರ್ಡ್ ವ್ಯವಸ್ಥೆಯನ್ನು ಅಳವಡಿಸಿದ ಬಳಿಕ ಲಿನಕ್ಸ್‌ನಲ್ಲಿ ನಡೆಯದಾಯಿತು. ವ್ಯಾನ್‌ಗಾರ್ಡ್ ವಿಂಡೋಸ್‌ನ ಕರ್ನಲ್ ಮಟ್ಟದಲ್ಲಿ ಕೆಲಸ ಮಾಡುವುದರಿಂದ ವೈನ್ ಅದನ್ನು ನಡೆಸಲಾರದು. ಹೀಗಾಗಿ ನಿನ್ನೆಯವರೆಗೆ ನಡೆಯುತ್ತಿದ್ದ ಆಟವು ತಯಾರಕರ ಒಂದು ನಿರ್ಧಾರದಿಂದ ಲಿನಕ್ಸ್ ಬಳಕೆದಾರರ ಕೈತಪ್ಪುವ ಸಾಧ್ಯತೆ ಇದ್ದೇ ಇರುತ್ತದೆ.

ಇದೇ ಬಗೆಯ ತಂತ್ರಾಂಶಗಳು

ಎಪಿಕ್, ಜಿಒಜಿ ಮತ್ತು ಅಮೆಜಾನ್ ಆಟಗಳಿಗಾಗಿ ಇರುವ ಹೀರೋಯಿಕ್ ಗೇಮ್ಸ್ ಲಾಂಚರ್ ಹಾಗೂ ವಿಂಡೋಸ್ ತಂತ್ರಾಂಶಗಳನ್ನು ನಡೆಸಲು ಬಳಸುವ ಬಾಟಲ್ಸ್ ಕೂಡ ಮುಕ್ತ ತಂತ್ರಾಂಶಗಳಾಗಿವೆ.