ಜಮಖಂಡಿಯಲ್ಲಿ ಕಂಡ ಮೂರು ಗೆರೆಗಳು

ಗ್ಯಾಸ್ ಒಲೆಯ ಮೇಲಿನ ಸಾರು ಉಕ್ಕಿ ಚೆಲ್ಲಿದರೆ ನೀಲಿ ಉರಿ ತಟ್ಟನೆ ಹಳದಿಗೆ ತಿರುಗುತ್ತೆ. ಉಪ್ಪಿನೊಳಗಿನ ಸೋಡಿಯಂ ಕಾದು ತನ್ನ ಬಣ್ಣ ತೋರಿಸೋದು ಅದು. ಕಾದ ಅನಿಲ ತನಗೇ ಮೀಸಲಾದ ಕೆಲವು ಬಣ್ಣಗಳನ್ನಷ್ಟೇ ಸೂಸುತ್ತೆ. ಆ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿದರೆ ಇಡೀ ಕಾಮನಬಿಲ್ಲು ಕಾಣೋದಿಲ್ಲ, ಬಿಡಿಬಿಡಿ ಗೆರೆಗಳು ಕಾಣುತ್ತವೆ. ದನದ ಮುದ್ರೆ ನೋಡಿ ಯಜಮಾನ ಯಾರೆಂದು ಹೇಳುವ ಹಾಗೆ, ಗೆರೆ ನೋಡಿ ವಸ್ತು ಯಾವುದೆಂದು ಹೇಳಬಹುದು. 1860ರ ಹೊತ್ತಿಗೆ ಜರ್ಮನಿಯ ಬುನ್ಸೆನ್ ಮತ್ತು ಕಿರ್ಕಾಫ್ ಇದನ್ನು ತೋರಿಸಿಕೊಟ್ಟಿದ್ದರು.

ಆಗ ಒಂದು ಪ್ರಶ್ನೆ ಉಳಿದಿತ್ತು. ಪೂರ್ಣ ಸೂರ್ಯಗ್ರಹಣದಲ್ಲಿ ಅಂಚಿನಿಂದ ಏಳುವ ಕೆಂಪು ನಾಲಿಗೆಗಳು ಏನು?

1868ರ ಆಗಸ್ಟ್ 18ರ ಬೆಳಿಗ್ಗೆ ಚಂದ್ರನ ನೆರಳು ಜಮಖಂಡಿ, ಬಿಜಾಪುರ, ಗುಂಟೂರು, ಮಚಲೀಪಟ್ಟಣಗಳ ಮೇಲೆ ಹಾದುಹೋಯಿತು. ನಮ್ಮ ಹಿಂದೂಪುರ, ಕಲ್ಯಾಣದುರ್ಗ ಆ ಪಟ್ಟಿಯ ದಕ್ಷಿಣಕ್ಕೆ ಉಳಿದವು. ಇಲ್ಲಿ ಆದದ್ದು ಪಾರ್ಶ್ವಗ್ರಹಣ ಮಾತ್ರ. ಜಮಖಂಡಿ ಆಗ ಪಟವರ್ಧನರ ಸಂಸ್ಥಾನ. ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಅಲ್ಲಿಗೆ ಬಂದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ. ಮಳೆಗಾಲದ ಮೋಡ ಕಾಡಿತು. ಆದರೂ ಮೋಡ ಸರಿದ ಗಳಿಗೆಯಲ್ಲಿ ಕೆಂಪು, ಕಿತ್ತಳೆ, ನೀಲಿ ಎಂದು ಮೂರು ಹೊಳೆಯುವ ಗೆರೆಗಳನ್ನು ಕಂಡರು. ಗೆರೆ ಕಂಡಿತೆಂದರೆ ಉತ್ತರ ಸಿಕ್ಕಿತು: ಆ ನಾಲಿಗೆಗಳು ಕಾದ ಅನಿಲ.

ಅದೇ ದಿನ ಗುಂಟೂರಿನಲ್ಲಿದ್ದ ಫ್ರಾನ್ಸಿನ ಜಾನ್ಸೆನ್, ಇಷ್ಟು ಪ್ರಖರವಾದ ಗೆರೆ ಗ್ರಹಣವಿಲ್ಲದೆಯೂ ಕಾಣಬೇಕು ಎಂದುಕೊಂಡರು. ಮರುದಿನವೇ ಕಂಡರು. ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್ ಕೂಡ ಹಾಗೆಯೇ ನೋಡಿದರು. ಕೆಂಪು, ನೀಲಿ ಗೆರೆಗಳು ಜಲಜನಕದವು. ನಡುವಿನ ಗೆರೆ ಸೋಡಿಯಂನದಕ್ಕೆ ಹತ್ತಿರವಿದ್ದರೂ ಅದೇ ಅಲ್ಲ. ಭೂಮಿಯ ಯಾವ ವಸ್ತುವಿಗೂ ಅದು ಹೊಂದಲಿಲ್ಲ. ಅದಕ್ಕೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂದು ಹೆಸರಿಟ್ಟರು. ಹಲವರು ನಂಬಲಿಲ್ಲ. 1895ರಲ್ಲಿ ರಾಮ್ಸೆ ಯುರೇನಿಯಂ ಇರುವ ಒಂದು ಖನಿಜದಿಂದ ಅದೇ ಅನಿಲವನ್ನು ಹೊರತೆಗೆದಾಗಲೇ ವಾದ ಮುಗಿದದ್ದು.

ಪಾಠಪುಸ್ತಕದಲ್ಲಿ ಜಾನ್ಸೆನ್, ಲಾಕಿಯರ್ ಹೆಸರು ಸಿಗುತ್ತೆ, ಜಮಖಂಡಿ ಸಿಗೋದು ಅಪರೂಪ. ಗಡಿಯ ನಮಗೆ ರಾಜ್ಯದಿಂದ ಗುಂಟೂರು ನಮ್ಮದು, ಮಾತಿನಿಂದ ಜಮಖಂಡಿ ನಮ್ಮದು. ವಿಜ್ಞಾನ ಎಲ್ಲೋ ಸೀಮೆಯಾಚೆ ನಡೆಯೋದು ಅಂತ ನಮ್ಮ ಮಕ್ಕಳು ತಿಳಿಯಬಾರದು ಅನ್ನೋದಕ್ಕೇ ಇದನ್ನು ಬರೆದೆ. ಮೇಷ್ಟ್ರುಗಳು ಒಂದು ಹಳೇ ಸಿಡಿಯಲ್ಲಿ ಟ್ಯೂಬ್‌ಲೈಟಿನ ಬೆಳಕು ಬೀಳಿಸಿ ತೋರಿಸಲಿ. ಆಮೇಲೆ ತಂತಿಯ ಬಲ್ಬಿನದನ್ನೂ ತೋರಿಸಲಿ. ಒಂದರಲ್ಲಿ ಬಣ್ಣ ಬಿಡಿಬಿಡಿಯಾಗಿ, ಇನ್ನೊಂದರಲ್ಲಿ ಒಂದಕ್ಕೊಂದು ಕೂಡಿಕೊಂಡು ಕಾಣುತ್ತವೆ. ಸೂರ್ಯನನ್ನು ಮಾತ್ರ ಬರಿಗಣ್ಣಿನಲ್ಲಿ ನೋಡಬಾರದು, ಸಿಡಿಯಲ್ಲೂ ನೋಡಬಾರದು.