ನಮ್ಮ ದೊರೆ, ಅವರ ದೊರ

ಈ ಸಲದ ವಿಷಯ ಒಂದೇ ಒಂದು ಪದ: ದೊರೆ.

ಬಾಲಾನಗರದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಜನಗಾಂವ್ ಕಡೆಯವರು, ವಯಸ್ಸು ಎಪ್ಪತ್ತರ ಹತ್ತಿರ. ಒಂದು ಬೆಳಿಗ್ಗೆ ಮೆಟ್ರೋಗೆ ಓಡೋ ಅವಸರದಲ್ಲಿ, ಊರಲ್ಲಿ ಮಾತಾಡಿಸೋ ಹಾಗೇ ನಗ್ತಾ "ಏಂ ದೊರಾ, ಟಿಫಿನ್ ಅಯಿಂದಾ?" ಅಂದೆ. ಅವರು ನಗಲಿಲ್ಲ. "ಆ ಮಾಟ ವದ್ದು ಸಾರ್" ಅಂದ್ರು. ಆ ಮಾತು ಬೇಡ ಅಂತ. ಸಂಜೆ ಬಂದು ಯಾಕೆ ಅಂತ ಕೇಳಿದೆ. ಅವರ ಅಮ್ಮ ದೊರನ ಮನೇಲಿ ಕೂಲಿ ಇಲ್ಲದೆ ದುಡಿದವರಂತೆ.

ನಾವು ಕನ್ನಡದವರು ಈ ಪದವನ್ನ ಧಾರಾಳವಾಗಿ ಬಳಸ್ತೀವಿ. ತೊಟ್ಟಿಲಲ್ಲಿರೋ ಮಗೂಗೆ "ನನ್ನ ದೊರೆ" ಅಂತೀವಿ. ಸುಮ್ನೆ ಕೂತವನಿಗೆ "ಏನಪ್ಪಾ ದೊರೆ" ಅಂತ ಕಾಲೆಳೀತೀವಿ. ಇತಿಹಾಸದಲ್ಲಿ ದೊರೆ ಅಂದ್ರೆ ರಾಜ. ಯಾದಗಿರಿ ಕಡೆಯವರಿಗೆ "ಸುರಪುರದ ದೊರೆ" ಅಂದ ಕೂಡ್ಲೆ 1857–58ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕ ನೆನಪಾಗ್ತಾರೆ. ಹಳಗನ್ನಡದಲ್ಲಂತೂ ದೊರೆ ಅನ್ನೋದಕ್ಕೆ ಸಾಟಿ, ಸಮಾನ ಅನ್ನೋ ಅರ್ಥನೂ ಇದೆ.

ಹಾಗಂತ ತೆಲುಗಿನಲ್ಲಿ ಎಲ್ಲ ಕಡೆ ಈ ಪದ ಕೆಟ್ಟದ್ದೇನಲ್ಲ. ಗೋದಾವರಿಗೆ 1852ರಲ್ಲಿ ಧವಳೇಶ್ವರಂ ಆಣೆಕಟ್ಟು ಕಟ್ಟಿ ಮುಗಿಸಿದ ಆರ್ಥರ್ ಕಾಟನ್‌ನನ್ನ ಆಂಧ್ರದ ರೈತರು ಇವತ್ತಿಗೂ "ಕಾಟನ್ ದೊರ" ಅಂತಲೇ ನೆನೀತಾರೆ. ಹಾಗಾದ್ರೆ ತೆಲಂಗಾಣದಲ್ಲಿ ಏನಾಯ್ತು?

ಇಲ್ಲಿ ದೊರ ಅಂದ್ರೆ ದೂರದ ರಾಜ ಅಲ್ಲ. ರಾಜ ಅಂದ್ರೆ ನಿಜಾಮ, ಅವನಿದ್ದದ್ದು ಹೈದರಾಬಾದಿನಲ್ಲಿ. ದೊರ ಇದ್ದದ್ದು ಊರಿನ ನಡುವೆ, ಗಡೀಯಲ್ಲಿ. ನಮಗೆ ಗಡಿ ಅಂದ್ರೆ ಬಾರ್ಡರ್; ಇಲ್ಲಿ ಗಡೀ ಅಂದ್ರೆ ಎತ್ತರದ ಗೋಡೆಯ, ಕೋಟೆಯಂಥ ಮನೆ. ಅದರಲ್ಲಿದ್ದ ದೇಶಮುಖರು ಮೊದಲು ಕಂದಾಯ ವಸೂಲಿ ಮಾಡ್ತಿದ್ದವರು. 19ನೇ ಶತಮಾನದಲ್ಲಿ ದಿವಾನ ಸಾಲಾರ್ ಜಂಗ್ ವಸೂಲಿಯನ್ನ ಸರ್ಕಾರಿ ನೌಕರರಿಗೆ ಕೊಟ್ಟ. ದೇಶಮುಖರಿಗೆ ಪರಿಹಾರ, ವತನು ಸಿಕ್ತು. ಊರಿನ ಲೆಕ್ಕಪತ್ರ ಗೊತ್ತಿದ್ದವರು ಅವರೇ ಆದ್ದರಿಂದ, ಜಮೀನೂ ನಿಧಾನವಾಗಿ ಅವರ ಹೆಸರಿಗೇ ಬಂತು.

ಜಮೀನಿನ ಜೊತೆ ಜನರ ಮೈ ದುಡಿಮೆಯೂ ಬಂತು. ಅದಕ್ಕೆ ಇಲ್ಲಿಯ ಹೆಸರು ವೆಟ್ಟಿ. ಅಗಸರು ಬಟ್ಟೆ ಒಗೀಬೇಕು, ಕುಂಬಾರರು ಮಡಕೆ ಕೊಡಬೇಕು, ಕುರುಬರು ಕುರಿ ಕೊಡಬೇಕು, ದಲಿತರು ಕಾಗದ ಹೊತ್ತು ಊರಿಂದೂರಿಗೆ ಓಡಬೇಕು. ದುಡ್ಡು ಕೇಳೋ ಹಾಗಿಲ್ಲ. ವೆಟ್ಟಿ ಮತ್ತು ನಮ್ಮ ಬಿಟ್ಟಿ ಎರಡೂ ಒಂದೇ ಪದ. ಸಂಸ್ಕೃತದ ವಿಷ್ಟಿಯಿಂದ ಬಂದಿದ್ದು. ನಾವಿವತ್ತು "ಬಿಟ್ಟಿ ವೈಫೈ" ಅಂತ ಖುಷಿಪಡ್ತೀವಿ. ಬಿಟ್ಟಿ ಅನ್ನೋದು ಪಡೆಯೋನಿಗೆ ಮಾತ್ರ, ದುಡಿಯೋನಿಗಲ್ಲ ಅನ್ನೋದು ಮರೆತೇ ಹೋಗಿದೆ.

ಈ ವ್ಯವಸ್ಥೆ ಮಾತಿನೊಳಗೂ ಇಳೀತು. ದೊರನ ಎದುರು ನಿಂತವರು ಹೇಳಬೇಕಾಗಿದ್ದ ಮಾತು: "ನೀ ಬಾಂಚನ್ ದೊರ, ಕಾಲ್ಮೊಕ್ತ." ನಾನು ನಿನ್ನ ಗುಲಾಮ, ನಿನ್ನ ಕಾಲಿಗೆ ಬೀಳ್ತೀನಿ ಅಂತ. ನಮ್ಮ ವಾಚ್‌ಮನ್ ಕಿವಿಗೆ ನನ್ನ "ದೊರಾ" ಒಂಟಿಯಾಗಿ ಕೇಳಿಸಲಿಲ್ಲ. ಇಡೀ ವಾಕ್ಯವೇ ಕೇಳಿಸ್ತು.

ನಾವು ವೀಕೆಂಡಿನಲ್ಲಿ ವಾರಂಗಲ್‌ಗೆ ಹೋಗೋ ದಾರಿಯಲ್ಲೇ ಜನಗಾಂವ್ ಸಿಗುತ್ತೆ. ಆ ಸೀಮೆಯ ವಿಸುನೂರಿನ ದೇಶಮುಖ ರಾಮಚಂದ್ರಾರೆಡ್ಡಿ ಹತ್ತಿರ 40,000 ಎಕರೆ ಇತ್ತು ಅಂತ ಕಮ್ಯುನಿಸ್ಟ್ ನಾಯಕ ಪುಚ್ಚಲಪಲ್ಲಿ ಸುಂದರಯ್ಯ ಬರೆದಿದ್ದಾರೆ. ಪಾಲಕುರ್ತಿಯಲ್ಲಿ ಅಗಸರ ಹೆಣ್ಣುಮಗಳು ಚಾಕಲಿ ಐಲಮ್ಮ ತಾನು ಗೇಣಿಗೆ ಮಾಡಿದ ಹೊಲದ ಬೆಳೆ ಬಿಟ್ಟುಕೊಡಲ್ಲ ಅಂತ ಅವನೆದುರು ನಿಂತಳು. 1946ರ ಜುಲೈ 4ರಂದು ಕಡವೆಂಡಿಯಲ್ಲಿ ದೊರನ ಕಡೆಯವರು ಮೆರವಣಿಗೆ ಮೇಲೆ ಗುಂಡು ಹಾರಿಸಿ ದೊಡ್ಡಿ ಕೊಮರಯ್ಯ ಸತ್ತ. ಅಲ್ಲಿಂದ ಹೊತ್ತಿದ ರೈತರ ಸಶಸ್ತ್ರ ಹೋರಾಟ ನಿಂತಿದ್ದು 1951ರಲ್ಲಿ. ನಡುವೆ 1949ರಲ್ಲಿ ಜಾಗೀರುಗಳು ರದ್ದಾದವು. ಕೋಠಿಯ ಮಹಿಳಾ ವಿಶ್ವವಿದ್ಯಾಲಯಕ್ಕೆ 2024ರಲ್ಲಿ ಐಲಮ್ಮನ ಹೆಸರಿಟ್ರು. ಇವತ್ತಿಗೂ ಇಲ್ಲಿ ಚುನಾವಣೆ ಬಂದರೆ, ಅಧಿಕಾರದಲ್ಲಿರೋರನ್ನ ಚುಚ್ಚೋಕೆ "ದೊರಲ ಪಾಲನ" ಅನ್ನೋದಕ್ಕಿಂತ ಖಾರವಾದ ಬೈಗುಳ ಬೇಕಿಲ್ಲ.

ಇಷ್ಟು ಕೇಳಿ "ಅಬ್ಬಾ, ನಮ್ಮ ಕಡೆ ಹೀಗಿರಲಿಲ್ಲ" ಅನ್ನೋ ಹಾಗಿಲ್ಲ. ಬೀದರ್, ಕಲಬುರಗಿ, ರಾಯಚೂರು ಕೂಡ 1948ರ ಸೆಪ್ಟೆಂಬರ್‌ವರೆಗೆ ಇದೇ ನಿಜಾಮನ ಕೈಯಲ್ಲಿದ್ದವು. ನಮ್ಮಲ್ಲಿ ದೊರೆ ಅನ್ನೋ ಪದ ಅರಮನೆಯಲ್ಲೇ ಉಳೀತು, ಅದಕ್ಕೇ ಅದರಲ್ಲಿ ಪ್ರೀತಿ ಉಳೀತು. ಭಯ ಬೇರೆ ಪದಗಳಿಗೆ ಹೋಯ್ತು: ಧಣೇರು, ಸಾವ್ಕಾರ್ರು, ಗೌಡ್ರು. ಹಳೇ ಮೈಸೂರಿನ ಕಡೆ ದಲಿತರು ಜಮೀನಿದ್ದವರನ್ನ "ಬುದ್ಧೀ" ಅಂತ ಕರೀತಿದ್ರು. ಕರೆದವರ ಮೊಮ್ಮಗನೂ, ಕರೆಸಿಕೊಂಡವರ ಮೊಮ್ಮಗನೂ ಇವತ್ತು ಹೈಟೆಕ್ ಸಿಟಿಯಲ್ಲಿ ಒಂದೇ ಟೀಮಿನಲ್ಲಿರಬಹುದು. ಒಬ್ಬನಿಗೆ ಆ ಪದ ಬರೀ ಹಳ್ಳಿ ಮಾತು, ಇನ್ನೊಬ್ಬನಿಗೆ ಗಾಯ.

ತೆಲಂಗಾಣದ ಜನ ಒಡೆಯನ ಪದವನ್ನೇ ಬೈಗುಳ ಮಾಡಿದ್ರು. ನಮ್ಮಲ್ಲಿ 1974ರಲ್ಲಿ ಭೂಸುಧಾರಣೆ ಜಾರಿಗೆ ಬಂದಾಗ ಅದರ ಘೋಷಣೆ "ಉಳುವವನೇ ಹೊಲದೊಡೆಯ". ಅಂದ್ರೆ ಒಡೆಯ ಅನ್ನೋ ಪದವನ್ನ ಮೇಲಿನವರಿಂದ ಕಿತ್ತು ಗೇಣಿದಾರನಿಗೆ ಕೊಟ್ರು. ಅದನ್ನ ಮಾಡಿದ ಮುಖ್ಯಮಂತ್ರಿಯ ಹೆಸರಲ್ಲೇ "ಅರಸು" ಇತ್ತು. ದಾರಿ ಎರಡು, ಆದ್ರೆ ಎರಡೂ ಕಡೆ ಪದದ ಅರ್ಥ ಬದಲಾಗಿದ್ದು ನಿಘಂಟಿನಲ್ಲಲ್ಲ, ಹೊಲದಲ್ಲಿ.

ಈಗ ನಾನು ಅವರನ್ನ "ಕಾಕಾ" ಅಂತೀನಿ. ಅವರು ನನ್ನನ್ನ ಇನ್ನೂ "ಸಾರ್" ಅಂತಾರೆ, ನನಗಿಂತ ದುಪ್ಪಟ್ಟು ವಯಸ್ಸಾಗಿದ್ರೂ. ಅದನ್ನ ಬಿಡಿಸೋಕೆ ಇನ್ನೂ ಆಗಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಅಜ್ಜ ಅಜ್ಜೀನ ಒಂದು ಮಾತು ಕೇಳಿ: ಜಮೀನಿದ್ದವರನ್ನ ಏನಂತ ಕರೀತಿದ್ರಿ? ಅವರು ನಿಮ್ಮನ್ನ ಏನಂತ ಕರೀತಿದ್ರು? ಉತ್ತರ ಸಿಕ್ಕರೆ ನಮಗೂ ಬರೀರಿ. ಮತ್ತೆ ಸಿಗೋಣ.